ಹಿರಿಯ ವಿದ್ಯಾರ್ಥಿ ಕಿರಿಯರ ಬಳಿಗೆ

ವಿಜಯಪುರದ ಗೋಳಗುಮ್ಮಟವನ್ನು ಕಾಣಲು ಬರುವ ಶಾಲಾಮಕ್ಕಳು ಮೇಲಿನ ಮೊಗಸಾಲೆಯನ್ನು ಏರಿದೊಡನೆ ಗಟ್ಟಿಯಾಗಿ ಕೂಗುತ್ತಾರೆ. ಒಂದು ಕೂಗು ಹಲವು ಬಾರಿ ಮರಳಿ ಕೇಳಿಸುತ್ತದೆ. ಗೋಡೆಯ ಬಳಿ ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ನಿಂತವರ ಕಿವಿಗೆ ಸ್ಪಷ್ಟವಾಗಿ ಮುಟ್ಟುತ್ತದೆ. ಮಕ್ಕಳು ಬೆರಗಾಗುತ್ತಾರೆ, ನಗುತ್ತಾರೆ, ಇಳಿದು ಹೋಗುತ್ತಾರೆ. ಆ ಬೆರಗು "ಇದು ಹೇಗೆ?" ಎಂಬ ಪ್ರಶ್ನೆಯಾಗಿ ಬೆಳೆಯುವುದು ವಿರಳ.

ಬೆರಗು ಪ್ರಶ್ನೆಯಾದಲ್ಲಿ ವಿಜ್ಞಾನವು ಆರಂಭವಾಗುತ್ತದೆ. ಇಂಥ ಪಿಸುಮಾತಿನ ಮೊಗಸಾಲೆಯೊಂದು ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿಯೂ ಉಂಟು. ಶಬ್ದದ ಅಲೆಗಳು ಗೋಡೆಯ ಬಾಗನ್ನು ಅನುಸರಿಸಿ ಸಾಗುತ್ತವೆ ಎಂದು ಲಾರ್ಡ್ ರ್‍ಯಾಲೆ ವಿವರಿಸಿದ್ದರು. 1921ರಲ್ಲಿ ಅಲ್ಲಿಗೆ ಹೋದ ಸಿ. ವಿ. ರಾಮನ್ನರು ಆ ವಿವರಣೆಯನ್ನು ಕೇಳಿ ಸುಮ್ಮನಾಗಲಿಲ್ಲ. ತಾವೇ ಪರೀಕ್ಷಿಸಿ, ಗೋಡೆಯಿಂದ ಸರಿದಂತೆ ಶಬ್ದವು ಏರಿಳಿಯುವುದನ್ನು ಗುರುತಿಸಿದರು. ಜನರು ನೋಡಿ ಹೋಗುವ ಸ್ಥಳದಲ್ಲಿ ಅವರಿಗೊಂದು ಪ್ರಯೋಗಶಾಲೆ ಕಂಡಿತು.

ನಮ್ಮ ಮಕ್ಕಳಿಗೆ ಇಂಥ ಕಣ್ಣನ್ನು ತೆರೆಸುವವರು ಯಾರು? ಶಾಲೆಯ ಅಧ್ಯಾಪಕರು ಮೊದಲಿಗರೆಂಬುದು ನಿಜ. ಆದರೆ ಪಾಠ, ಪರೀಕ್ಷೆ, ದಾಖಲೆಗಳ ಭಾರದಲ್ಲಿ ಅವರ ವೇಳೆ ಕಳೆದುಹೋಗುತ್ತದೆ. ಪ್ರಖ್ಯಾತ ವಿಜ್ಞಾನಿಗಳ ಭಾಷಣ ಸ್ಫೂರ್ತಿದಾಯಕವಾದರೂ ಅದಕ್ಕೊಂದು ಮಿತಿಯಿದೆ. "ದೂರದ ಬೆಟ್ಟ ನುಣ್ಣಗೆ" ಎನ್ನುವಂತೆ, ಅಷ್ಟು ಎತ್ತರಕ್ಕೆ ಏರಿದವರನ್ನು ಕಂಡ ಮಗು ಕೈಮುಗಿಯುತ್ತದೆಯೇ ಹೊರತು ತಾನೂ ಆ ದಾರಿಯಲ್ಲಿ ನಡೆಯಬಹುದೆಂದು ಭಾವಿಸುವುದಿಲ್ಲ. ಇವರ ನಡುವೆ ಇನ್ನೊಬ್ಬರಿದ್ದಾರೆ. ಎಂಟು ಹತ್ತು ವರ್ಷಗಳ ಹಿಂದೆ ಅಂಥದೇ ಹಲಗೆಯ ಮೇಲೆ ಕುಳಿತು ಕಲಿತು, ಇಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿ. ಬೆಟ್ಟದ ಕಲ್ಲುಮುಳ್ಳು ಅವನ ಕಾಲಿಗೆ ಈಗಲೂ ತಾಗುತ್ತಿದೆ. ಕಿರಿಯರಿಗೆ ದಾರಿ ತೋರಲು ಅವನೇ ಅತ್ಯಂತ ಯೋಗ್ಯನೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕಾರ್ಯಕ್ಕೆ ನಮ್ಮ ಸೀಮೆಯಲ್ಲಿ ಅನುಕೂಲವಿಲ್ಲವೆಂದಲ್ಲ. 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯವು ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತು ತೊರವಿಯಲ್ಲಿದೆ. ಹಿಟ್ನಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಒಣಬೇಸಾಯದ ಸಂಶೋಧನೆಯಂತೂ ಈ ನೆಲದಲ್ಲಿ 1930ರ ದಶಕದಿಂದಲೇ ನಡೆದುಬಂದಿದೆ. ತಿಕೋಟಾ, ಬಬಲೇಶ್ವರಗಳ ಶಾಲೆಗಳಿಂದ ಇವು ಬಹು ದೂರವೇನೂ ಇಲ್ಲ, ದೂರವಿರುವುದು ಪರಿಚಯ. ವಿಜ್ಞಾನವನ್ನು ಓದಿದರೆ ವೈದ್ಯರಾಗಬೇಕು, ಇಲ್ಲವೇ ಇಂಜಿನಿಯರಾಗಬೇಕು. ಎರಡೂ ಆಗದಿದ್ದರೆ ಓದು ವ್ಯರ್ಥವೆಂಬ ಭಾವನೆ ಮನೆಮನೆಯಲ್ಲಿದೆ. ನೆರೆಯೂರಿನ ಹೆಣ್ಣುಮಗಳೊಬ್ಬಳು ಬಂದು, ತಾನು ರಸಾಯನವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವೆನೆಂದು ಹೇಳಿದರೆ, ಆ ಭಾವನೆ ಅಲುಗಾಡುತ್ತದೆ. ಮಗಳನ್ನು ಮುಂದೆ ಓದಿಸಲು ಹಿಂಜರಿಯುವ ತಂದೆತಾಯಿಗಳಿಗೂ ಅದೊಂದು ಉತ್ತರವಾಗುತ್ತದೆ.

ಆಕೆ ಏನನ್ನು ಹೇಳಬೇಕು? ಕಣ್ಣೆದುರಿನ ಸಂಗತಿಗಳಿಂದಲೇ ಆರಂಭಿಸಲಿ. ಒಣದ್ರಾಕ್ಷಿ ಮಾಡುವವರು ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ದ್ರಾವಣದಲ್ಲಿ ಅದ್ದುವುದನ್ನು ತಿಕೋಟಾ ಭಾಗದ ಮಕ್ಕಳು ಕಂಡಿರುತ್ತಾರೆ. ಹಣ್ಣಿನ ಮೇಲಿನ ಮೇಣದಂಥ ಪದರ ಸಡಿಲಗೊಂಡು ಒಳಗಿನ ನೀರು ಬೇಗ ಆವಿಯಾಗುವುದೆಂದು ತಿಳಿಸಿದರೆ, ಮನೆಯ ಕಸುಬೇ ಪಾಠವಾಗುತ್ತದೆ. ಎರೆಯ ನೆಲ ಬೇಸಗೆಯಲ್ಲಿ ಏಕೆ ಬಿರಿಯುತ್ತದೆ? ಹಿಂಗಾರಿ ಜೋಳ ಅಷ್ಟು ಕಡಿಮೆ ಮಳೆಯಲ್ಲಿ ಹೇಗೆ ಬೆಳೆಯುತ್ತದೆ? ಇಂಥ ಪ್ರಶ್ನೆಗಳಿಗೆ ಬೆಲೆಯುಳ್ಳ ಉಪಕರಣಗಳು ಬೇಕಿಲ್ಲ.

ಹಾಗೆಯೇ ಸತ್ಯವನ್ನು ಮರೆಮಾಚಬಾರದು. ಸಂಶೋಧನೆಯ ಹಾದಿ ದೀರ್ಘವಾದುದು. ತಿಂಗಳುಗಟ್ಟಲೆ ಮಾಡಿದ ಪ್ರಯೋಗ ನಿಷ್ಫಲವಾಗುವುದುಂಟು. ಒಡನೆ ಕೈತುಂಬ ಸಂಬಳ ದೊರೆಯುವುದಿಲ್ಲ. ಇದನ್ನೆಲ್ಲ ತಿಳಿದ ಮೇಲೂ ಮುಂದೆ ಬರುವ ಮಗುವೇ ನಾಳಿನ ವಿಜ್ಞಾನಿ. ಹುಸಿ ಆಸೆಯಿಂದ ಸೆಳೆದವರು ನಡುದಾರಿಯಲ್ಲಿ ನಿಂತುಬಿಡುತ್ತಾರೆ.

ಇಂಗ್ಲಿಷಿನಲ್ಲಿ ಕಲಿತುದನ್ನು ಕನ್ನಡದಲ್ಲಿ ಹೇಳಲಾಗದೆಂದು ಕೆಲವರು ಆಕ್ಷೇಪಿಸುತ್ತಾರೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಷ್ಟು ಹಿಂದೆಯೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. 1978ರಲ್ಲಿ 'ಬಾಲವಿಜ್ಞಾನ' ಆರಂಭವಾಯಿತು. ಹಿರಿಯರು ದಾರಿಯನ್ನು ಕಡಿದಿಟ್ಟಿರುವಾಗ ಕಿರಿಯರು ನಡೆಯಲಾರೆವೆನ್ನುವುದು ಸಲ್ಲದು. ವೇಳೆಯಿಲ್ಲವೆಂಬ ಮಾತೂ ಪೂರ್ಣವಾಗಿ ಒಪ್ಪತಕ್ಕದ್ದಲ್ಲ. ಎಂಟನೆಯ ತರಗತಿಯ ಬಾಲಕನಿಗೆ ತಿಳಿಯುವಂತೆ ಹೇಳಲು ಹೊರಟಾಗಲೇ ತನ್ನ ವಿಷಯವು ತನಗೆಷ್ಟು ತಿಳಿದಿದೆಯೆಂಬುದು ಹೇಳುವವನಿಗೆ ಗೊತ್ತಾಗುತ್ತದೆ. ಈ ದೃಷ್ಟಿಯಿಂದ ಅದು ಸಂಶೋಧನೆಯ ಶಿಕ್ಷಣವೇ ಆಗಿದೆ.

ಆದರೆ ವರ್ಷಕ್ಕೊಮ್ಮೆ ಫೆಬ್ರವರಿ 28ರ ವಿಜ್ಞಾನ ದಿನದಂದು ಬಂದು, ಹಾರ ಹಾಕಿಸಿಕೊಂಡು ಹೋದರೆ ಫಲವಿಲ್ಲ. ಒಬ್ಬ ಸಂಶೋಧನ ವಿದ್ಯಾರ್ಥಿ ಒಂದೇ ಶಾಲೆಯನ್ನು ಆರಿಸಿಕೊಂಡು, ವರ್ಷದಲ್ಲಿ ಮೂರು ನಾಲ್ಕು ಬಾರಿಯಾದರೂ ಹೋಗಬೇಕು. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಮಕ್ಕಳು ತಮ್ಮೂರಿನ ಸಮಸ್ಯೆಯನ್ನೇ ಅಧ್ಯಯನ ಮಾಡಿ ಒಯ್ಯುತ್ತಾರೆ. ಅದಕ್ಕೆ ಮಾರ್ಗದರ್ಶನ ನೀಡಬಹುದು. ವಿಶ್ವವಿದ್ಯಾಲಯಗಳೂ ಈ ಸೇವೆಯನ್ನು ವ್ಯಾಸಂಗದ ಅಂಗವೆಂದು ಮನ್ನಿಸಬೇಕು. ಸಮಾಜದ ಹಣದಿಂದ ಕಲಿತವರಿಗೆ ಇದು ಋಣವೇ ಹೊರತು ಉಪಕಾರವಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಶಾಲೆಗೆ ಅಂಥ ಅಣ್ಣನೋ ಅಕ್ಕನೋ ಬಂದಾಗ ಚಪ್ಪಾಳೆ ತಟ್ಟಿ ಸುಮ್ಮನೆ ಕೂರಬೇಡಿರಿ. ಸಂಕೋಚವನ್ನು ಬಿಟ್ಟು ಪ್ರಶ್ನೆ ಕೇಳಿರಿ. ಅವರಿಗೆ ಉತ್ತರ ತಿಳಿಯದ ಪ್ರಶ್ನೆಯೊಂದು ನಿಮ್ಮಿಂದ ಬಂದರೆ ನಾಚಬೇಕಾದುದಿಲ್ಲ. ಅದನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿರಿ. ಮುಂದೊಂದು ದಿನ ನೀವೇ ಉತ್ತರಿಸಬೇಕಾದ ಪ್ರಶ್ನೆ ಅದಾಗಿರಬಹುದು.