ನೆಲ ಡೊಂಕೋ, ಕುಣಿತ ಡೊಂಕೋ?

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬುದು ನಮ್ಮ ಹಳೆಯ ಗಾದೆ. ಅದನ್ನು ಕೇಳಿದೊಡನೆ ನಕ್ಕು, ತಪ್ಪನ್ನೆಲ್ಲ ಕುಣಿಯುವವಳ ತಲೆಗೆ ಕಟ್ಟಿಬಿಡುತ್ತೇವೆ. ನೆಲ ನಿಜವಾಗಿಯೇ ಡೊಂಕಾಗಿದ್ದಿರಬಹುದೇ ಎಂದು ಬಗ್ಗಿ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇಂಗ್ಲೆಂಡಿನ ಕಾಲ್ಚೆಂಡಾಟದ ಲೋಕದಲ್ಲಿ ವಾರವಾರವೂ ನಡೆಯುವ ಒಂದು ವಾದವನ್ನು ಓದುವಾಗಲೆಲ್ಲ ನನಗೆ ಈ ಗಾದೆ ನೆನಪಾಗುತ್ತದೆ. ಸೋತ ತಂಡದ ಮ್ಯಾನೇಜರು, ತನಗೆ ಬೇಕಾದ ಆಟಗಾರರನ್ನು ಕೊಂಡುಕೊಡಲಿಲ್ಲ, ಎದುರಾಳಿಯ ಹಣದ ಚೀಲ ತನ್ನದಕ್ಕಿಂತ ದೊಡ್ಡದು ಎನ್ನುತ್ತಾನೆ. ಕ್ಲಬ್ಬಿನ ಒಡೆಯರು, ಇಷ್ಟು ಕೋಟಿ ಸುರಿದೆವು, ಫಲವೆಲ್ಲಿ ಎಂದು ಕೇಳುತ್ತಾರೆ. ಅಭಿಮಾನಿಗಳು ಎರಡು ಪಾಳೆಯವಾಗಿ, ಖರ್ಚಿನ ಪಟ್ಟಿಗಳನ್ನು ಹಿಡಿದು ಪರಸ್ಪರ ಜರೆಯುತ್ತಾರೆ. ಆಟಗಾರರನ್ನು ಕೊಳ್ಳಲು ಮಾಡಿದ ಖರ್ಚು ಮ್ಯಾನೇಜರನ ಸೋಲುಗೆಲುವುಗಳಿಗೆ ಎಷ್ಟರಮಟ್ಟಿಗೆ ಸಮಾಧಾನವಾಗಬಲ್ಲದು? ಪ್ರಶ್ನೆ ಆಟದ್ದೇ ಆದರೂ, ಒಬ್ಬ ಮನುಷ್ಯನ ಕೆಲಸವನ್ನು ಯಾವ ಅಳತೆಗೋಲಿನಿಂದ ಅಳೆಯುವುದು ನ್ಯಾಯ ಎಂಬ ದೊಡ್ಡ ಪ್ರಶ್ನೆಯೂ ಅದರೊಳಗೆ ಅಡಗಿದೆ.

ಈ ಕೊಳ್ಳುವ ಮಾರುವ ಪದ್ಧತಿ ಇಂದಿನದಲ್ಲ. ಒಂದು ಕ್ಲಬ್ಬಿನೊಡನೆ ಕರಾರಿನಲ್ಲಿರುವ ಆಟಗಾರನನ್ನು ಬೇರೊಂದು ಕ್ಲಬ್ಬು ಬಯಸಿದರೆ, ಮೊದಲಿನ ಕ್ಲಬ್ಬಿಗೆ ಹಣ ತೆತ್ತು ಅವನನ್ನು ಬಿಡಿಸಿಕೊಳ್ಳಬೇಕು. 1905ರಲ್ಲಿ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್ಲೆಂಡಿನಿಂದ ಆಲ್ಫ್ ಕಾಮನ್ ಎಂಬವನನ್ನು 1,000 ಪೌಂಡಿಗೆ ಕೊಂಡಾಗ, ಒಬ್ಬ ಆಟಗಾರನಿಗೆ ಇಷ್ಟು ಬೆಲೆಯೇ ಎಂದು ಜನ ಹುಬ್ಬೇರಿಸಿದರು. ಕೆಳಗಿನ ದರ್ಜೆಗೆ ಜಾರುವ ಅಂಚಿನಲ್ಲಿದ್ದ ಆ ಕ್ಲಬ್ಬು ಅಂದು ಉಳಿದುಕೊಂಡಿತು. ಆಗಿನಿಂದಲೇ ಹಣ ಕೊಟ್ಟರೆ ಕೆಲಸವಾಗುತ್ತದೆ ಎಂಬ ನಂಬಿಕೆ ಬೇರೂರಿತು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್‌ನ ಬೆಲೆ 10 ಲಕ್ಷ ಪೌಂಡಾಯಿತು. 2016ರಲ್ಲಿ ಪಾಲ್ ಪೊಗ್ಬಾನದು 8.9 ಕೋಟಿ, 2025ರಲ್ಲಿ ಅಲೆಕ್ಸಾಂಡರ್ ಇಸಾಕ್‌ನದು 12.5 ಕೋಟಿ. ಬೆಲೆ ಏರಿದಂತೆಲ್ಲ ಅದನ್ನು ತೋರಿಸಿ ದೂರುವವರ ಧ್ವನಿಯೂ ಏರಿತು.

ದುಡ್ಡೇ ದೊಡ್ಡಪ್ಪ ಎನ್ನುವವರ ವಾದವನ್ನು ಮೊದಲು ಕೇಳೋಣ. ಅದರಲ್ಲಿ ಹುರುಳಿಲ್ಲದಿಲ್ಲ. ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬು 2008ರಲ್ಲಿ ಅಬುಧಾಬಿಯ ಧನಿಕರ ಕೈಗೆ ಬಂದಿತು. ಅದಕ್ಕೆ ಮೊದಲು ನಾಲ್ಕು ದಶಕಗಳ ಕಾಲ ಲೀಗ್ ಪ್ರಶಸ್ತಿಯನ್ನೇ ಕಾಣದಿದ್ದ ಆ ತಂಡ 2012ರಲ್ಲಿ ಚಾಂಪಿಯನ್ ಆಯಿತು. ಪೆಪ್ ಗಾರ್ಡಿಯೋಲಾ ಮ್ಯಾನೇಜರಾಗಿದ್ದಾಗ 2021ರಿಂದ 2024ರವರೆಗೆ ಸತತ ನಾಲ್ಕು ಬಾರಿ ಗೆದ್ದಿತು. ಗಾರ್ಡಿಯೋಲಾನ ಪ್ರತಿಭೆಯನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅದೇ ಪ್ರತಿಭೆಗೆ ಬಡ ಕ್ಲಬ್ಬೊಂದರ ಹದಿನಾಲ್ಕು ಮಂದಿ ಆಟಗಾರರನ್ನು ಒಪ್ಪಿಸಿದ್ದರೆ ಈ ನಾಲ್ಕು ಕಿರೀಟಗಳು ದಕ್ಕುತ್ತಿದ್ದವೇ ಎಂದು ಕೇಳಿದರೆ, ಹೌದೆನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಇದಕ್ಕೆ ಪ್ರತಿಯಾಗಿ ಎಲ್ಲರೂ ಎತ್ತಿ ಹಿಡಿಯುವ ಹೆಸರು ಲೆಸ್ಟರ್ ಸಿಟಿ. 2015ರ ವಸಂತದಲ್ಲಿ ಲೀಗಿನ ತಳದಲ್ಲಿ ಒದ್ದಾಡುತ್ತಿದ್ದ ತಂಡ ಅದು. ಮುಂದಿನ ವರ್ಷ ಕ್ಲಾಡಿಯೊ ರನಿಯೇರಿಯ ಕೈಕೆಳಗೆ 81 ಅಂಕ ಗಳಿಸಿ, ಎರಡನೆಯ ತಂಡಕ್ಕಿಂತ 10 ಅಂಕ ಮುಂದೆ ನಿಂತು ಚಾಂಪಿಯನ್ ಆಯಿತು. ಬಾಜಿಕಟ್ಟೆಯವರು ಅದರ ಗೆಲುವಿಗೆ ಒಂದಕ್ಕೆ 5,000 ಕೊಡುವೆವೆಂದಿದ್ದರು. ಜೇಮಿ ವಾರ್ಡಿಯನ್ನು ಸುಮಾರು 10 ಲಕ್ಷ ಪೌಂಡಿಗೆ, ರಿಯಾದ್ ಮಹ್ರೆಜ್‌ನನ್ನು ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ತಂದಿದ್ದರು. ಆಟಗಾರರ ಸಂಬಳಕ್ಕೆ ಆ ಕ್ಲಬ್ಬು ತೆರುತ್ತಿದ್ದುದು ಶ್ರೀಮಂತ ಕ್ಲಬ್ಬುಗಳು ತೆರುತ್ತಿದ್ದುದರ ಅರ್ಧಕ್ಕಿಂತ ಕಡಿಮೆ. ಇದನ್ನು ತೋರಿಸಿ, ಇನ್ನು ಯಾವ ಮ್ಯಾನೇಜರೂ ಹಣದ ನೆಪ ಹೇಳಬಾರದು ಎನ್ನುವವರುಂಟು. ಆದರೆ ಕಥೆಯ ಉತ್ತರಾರ್ಧವನ್ನೂ ಓದಬೇಕು. ತಂಡದ ಎಂಗೊಲೊ ಕಾಂಟೆಯನ್ನು 2016ರಲ್ಲಿ ಚೆಲ್ಸಿ ಎತ್ತಿಕೊಂಡು ಹೋಯಿತು. ಲೆಸ್ಟರ್ ತನ್ನ ಚರಿತ್ರೆಯಲ್ಲೇ ಅತಿ ದೊಡ್ಡ ಮೊತ್ತ ಕೊಟ್ಟು ಇಸ್ಲಾಂ ಸ್ಲಿಮಾನಿಯನ್ನು ಕೊಂಡಿತು. ಖರ್ಚು ಹೆಚ್ಚಿತು, ಆಟ ಕುಸಿಯಿತು. ಕಿರೀಟ ತಂದ ರನಿಯೇರಿಯನ್ನು 2017ರ ಫೆಬ್ರವರಿಯಲ್ಲಿ ಮನೆಗೆ ಕಳುಹಿಸಲಾಯಿತು. ನೂರು ವರ್ಷಕ್ಕೊಮ್ಮೆ ಅರಳುವ ಹೂವನ್ನು ತೋರಿಸಿ ಎಲ್ಲ ಗಿಡಗಳನ್ನೂ ಗದರಿಸುವುದು ವಿವೇಕವಲ್ಲ.

ಹಾಗಾದರೆ ಅಳತೆ ಯಾವುದು? ಈ ವಿಷಯವನ್ನು ಅಂಕೆಸಂಖ್ಯೆಗಳಿಂದ ಪರೀಕ್ಷಿಸಿದವರಲ್ಲಿ ಪತ್ರಕರ್ತ ಸೈಮನ್ ಕೂಪರ್ ಮತ್ತು ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ಮುಖ್ಯರು. 2009ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಒಂದು ಲೆಕ್ಕವಿದೆ. 1978ರಿಂದ 1997ರವರೆಗೆ ಇಂಗ್ಲೆಂಡಿನ 40 ಕ್ಲಬ್ಬುಗಳನ್ನು ಗಮನಿಸಿದರೆ, ಲೀಗಿನಲ್ಲಿ ಅವು ಪಡೆದ ಸ್ಥಾನಗಳ ವ್ಯತ್ಯಾಸದಲ್ಲಿ ಆಟಗಾರರನ್ನು ಕೊಂಡ ಖರ್ಚು ವಿವರಿಸಬಲ್ಲದ್ದು ಶೇಕಡಾ 16ರಷ್ಟು ಮಾತ್ರ. ಅವರಿಗೆ ಕೊಟ್ಟ ಸಂಬಳವಾದರೋ ಶೇಕಡಾ 92ರಷ್ಟನ್ನು ವಿವರಿಸುತ್ತದೆ. ಮೊದಲ ಓದಿಗೆ ಇದು ವಿಚಿತ್ರವಾಗಿ ಕಾಣಬಹುದು. ಯೋಚಿಸಿದರೆ ಕಾರಣ ತಿಳಿಯುತ್ತದೆ. ಕೊಳ್ಳುವ ಬೆಲೆ ಎರಡು ಕ್ಲಬ್ಬುಗಳ ನಡುವಿನ ಚೌಕಾಸಿ. ಮಾರುವವನ ಹಟ, ಕೊಳ್ಳುವವನ ಅವಸರ, ಕರಾರಿನಲ್ಲಿ ಉಳಿದ ವರ್ಷಗಳು ಇವೆಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಸಂಬಳವಾದರೆ ಆಟಗಾರನ ಯೋಗ್ಯತೆಯನ್ನು ಕುರಿತು ಪೇಟೆಯೆಲ್ಲ ಕೂಡಿ ಕೊಟ್ಟ ತೀರ್ಪು. 2024ರಲ್ಲಿ ಕಿಲಿಯನ್ ಎಂಬಾಪೆ ಪ್ಯಾರಿಸ್ ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದಾಗ ಅವನ ಕರಾರು ಮುಗಿದಿದ್ದುದರಿಂದ ಕೊಳ್ಳುವ ಬೆಲೆ ಸೊನ್ನೆ. ಆದರೆ ಮ್ಯಾಡ್ರಿಡ್ ಅವನನ್ನು ಪುಕ್ಕಟೆಯಾಗಿ ಪಡೆಯಿತೆಂದು ಯಾರಾದರೂ ಹೇಳಿಯಾರೇ?

ಆದ್ದರಿಂದ, ತಾನು ಕೊಂಡದ್ದು ಕಡಿಮೆ ಎಂದು ಕೈತೊಳೆದುಕೊಳ್ಳುವ ಮ್ಯಾನೇಜರನ ಮಾತನ್ನೂ, ಇಷ್ಟು ಖರ್ಚು ಮಾಡಿಯೂ ಸೋತನೆಂದು ದೂರುವ ಅಭಿಮಾನಿಯ ಮಾತನ್ನೂ ನಾನು ಅರೆಮನಸ್ಸಿನಿಂದಲೇ ಕೇಳುತ್ತೇನೆ. ಇಬ್ಬರ ಕೈಯಲ್ಲಿರುವ ತಕ್ಕಡಿಯೂ ಒಂದೇ. ಅದರ ಮುಳ್ಳೇ ಸರಿಯಿಲ್ಲ. ಕ್ಲಬ್ಬು ತನ್ನ ಇಡೀ ತಂಡಕ್ಕೆ ಏನು ತೆರುತ್ತಿದೆ ಎಂಬುದನ್ನು ನೋಡಿ, ಅದಕ್ಕೆ ತಕ್ಕ ಮೆಟ್ಟಿಲು ಯಾವುದೆಂದು ಮೊದಲು ಗೊತ್ತುಮಾಡಬೇಕು. ತಂಡ ಆ ಮೆಟ್ಟಿಲಿಗಿಂತ ಮೇಲೇರಿದರೆ ಮ್ಯಾನೇಜರನಿಗೆ ಮೆಚ್ಚುಗೆ, ಕೆಳಗಿಳಿದರೆ ಪ್ರಶ್ನೆ. ಹಣ ವಿವರಿಸುವುದು ಮೆಟ್ಟಿಲನ್ನು. ಮ್ಯಾನೇಜರು ಉತ್ತರ ಹೇಳಬೇಕಾದ್ದು ಮೆಟ್ಟಿಲಿಗೂ ತಂಡ ನಿಂತ ಜಾಗಕ್ಕೂ ನಡುವಿನ ಅಂತರಕ್ಕೆ.

ಇನ್ನೊಂದು ವಿಷಯವಿದೆ, ಕೊಂಡವರು ಯಾರು? ಬ್ರಯನ್ ಕ್ಲಫ್‌ನ ಕಾಲದಲ್ಲಿ ಮ್ಯಾನೇಜರೇ ಆಟಗಾರನನ್ನು ಆರಿಸುತ್ತಿದ್ದ, ಒಪ್ಪಿಸುತ್ತಿದ್ದ, ಆಡಿಸುತ್ತಿದ್ದ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 1977ರಲ್ಲಿ ಮೇಲಿನ ದರ್ಜೆಗೆ ಬಂದು 1978ರಲ್ಲಿಯೇ ಚಾಂಪಿಯನ್ ಆದದ್ದು ಅವನ ಕಣ್ಣಿನ ಚುರುಕಿನಿಂದ. ಮರುವರ್ಷ ದುಬಾರಿ ಫ್ರಾನ್ಸಿಸ್‌ನನ್ನು ಕೊಂಡಾಗ, ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯದ ಏಕೈಕ ಗೋಲನ್ನು ಹೊಡೆದವನೂ ಅದೇ ಫ್ರಾನ್ಸಿಸ್. ಆ ಹೊಗಳಿಕೆ, ಆ ಹೊಣೆ ಎರಡೂ ಕ್ಲಫ್‌ಗೆ ಸೇರತಕ್ಕವು. ಇಂದಿನ ವ್ಯವಸ್ಥೆ ಬೇರೆ. ಚೆಲ್ಸಿ ಕ್ಲಬ್ಬು 2022ರಲ್ಲಿ ಅಮೆರಿಕದ ಹೂಡಿಕೆದಾರರ ಪಾಲಾದ ಮೇಲೆ ಕೆಲವೇ ವರ್ಷಗಳಲ್ಲಿ 100 ಕೋಟಿ ಪೌಂಡಿಗೂ ಹೆಚ್ಚು ಸುರಿಯಿತು. 2023ರ ಜನವರಿಯಲ್ಲಿ ಎಂಜೊ ಫರ್ನಾಂಡಿಸ್ ಒಬ್ಬನಿಗೇ 10 ಕೋಟಿಯನ್ನು ಮೀರಿತು. ಆ ಋತುವಿನಲ್ಲಿ ಥಾಮಸ್ ಟೂಕೆಲ್, ಗ್ರಹಾಂ ಪಾಟರ್ ಇಬ್ಬರೂ ಕೆಲಸ ಕಳೆದುಕೊಂಡರು; ಫ್ರಾಂಕ್ ಲ್ಯಾಂಪಾರ್ಡ್ ತಾತ್ಕಾಲಿಕವಾಗಿ ಬಂದ; ತಂಡ 12ನೆಯ ಸ್ಥಾನಕ್ಕೆ ಇಳಿಯಿತು. ಪೇಟೆಗೆ ಹೋಗಿ ತರಕಾರಿ ತಂದವನು ಬೇರೆ, ಒಲೆಯ ಮುಂದೆ ನಿಂತವನು ಬೇರೆ. ಸಾರು ಕೆಟ್ಟಾಗ ಅಡಿಗೆಯವನನ್ನು ಮಾತ್ರ ಓಡಿಸುವ ಮನೆಯಲ್ಲಿ ನಾಳೆಯ ಸಾರು ರುಚಿಯಾದೀತೆಂದು ನಂಬುವುದು ಹೇಗೆ?

ಪೊಗ್ಬಾನ ಕಥೆಯೂ ಇದನ್ನೇ ಹೇಳುತ್ತದೆ. ತನ್ನಲ್ಲಿಯೇ ಬೆಳೆದ ಆ ಹುಡುಗನನ್ನು ಮ್ಯಾಂಚೆಸ್ಟರ್ ಯುನೈಟೆಡ್ 2012ರಲ್ಲಿ ಅಲ್ಪ ಪರಿಹಾರಕ್ಕೆ ಬಿಟ್ಟುಕೊಟ್ಟು, 2016ರಲ್ಲಿ 8.9 ಕೋಟಿ ಪೌಂಡಿಗೆ ಮರಳಿ ಕೊಂಡು, 2022ರಲ್ಲಿ ಕರಾರು ತೀರಿದ್ದರಿಂದ ಏನೂ ಪಡೆಯದೆ ಮತ್ತೆ ಕಳೆದುಕೊಂಡಿತು. ಈ ನಡುವೆ ಮ್ಯಾನೇಜರುಗಳು ಒಬ್ಬರಾದ ಮೇಲೊಬ್ಬರಂತೆ ಬಂದು ಹೋದರು. ಪ್ರತಿಯೊಬ್ಬನ ಹೆಸರಿನ ಮುಂದೆಯೂ ಖರ್ಚಿನ ಪಟ್ಟಿ ಬೆಳೆಯಿತು. ಹಿಂದಿನವನು ತನ್ನ ಆಟದ ರೀತಿಗೆಂದು ಕೊಂಡವರು ಮುಂದಿನವನಿಗೆ ಹೊರೆಯಾದರು.

ಕಾಲದ ಮಾತನ್ನೂ ಮರೆಯಲಾಗದು. ಅಲೆಕ್ಸ್ ಫರ್ಗುಸನ್ 1986ರ ನವೆಂಬರಿನಲ್ಲಿ ಯುನೈಟೆಡ್‌ಗೆ ಬಂದ. 1989ರಲ್ಲಿ ಗ್ಯಾರಿ ಪ್ಯಾಲಿಸ್ಟರ್‌ನನ್ನು 23 ಲಕ್ಷ ಪೌಂಡಿಗೆ ಕೊಂಡ. ಜೊತೆಗೆ ಇನ್ನೂ ಹಲವರನ್ನು ತಂದ. ಆ ಋತುವಿನ ಕೊನೆಗೆ ತಂಡಕ್ಕೆ ಸಿಕ್ಕಿದ್ದು 13ನೆಯ ಸ್ಥಾನ. ಖರ್ಚು ಮತ್ತು ಫಲಗಳನ್ನು ಅಂದೇ ತಕ್ಕಡಿಯಲ್ಲಿಟ್ಟು ತೂಗಿದ್ದರೆ ಅವನ ಚೀಟಿ ಹರಿಯಬೇಕಾಗಿತ್ತು. ಆದರೆ 1990ರಲ್ಲಿ ಎಫ್.ಎ. ಕಪ್ಪು, 1993ರಲ್ಲಿ ಲೀಗು, ಆಮೇಲೆ ಎರಡು ದಶಕಗಳ ಮೆರವಣಿಗೆ. ಪ್ಯಾಲಿಸ್ಟರ್ ಆ ಮೊದಲ ಗೆಲುವುಗಳ ಕಂಬವಾಗಿದ್ದ. ಬಿತ್ತಿದ ವಾರಕ್ಕೇ ತೆನೆ ಕೇಳುವ ರೈತನನ್ನು ನಾವು ಕಂಡಿಲ್ಲ. ಹಾಗೆಂದು ಐದು ಮಳೆಗಾಲ ಕಳೆದರೂ ಮೊಳಕೆ ಕಾಣದಿದ್ದರೆ ಬೀಜ ಕಡಿಮೆಯಾಯಿತೆಂಬ ಮಾತನ್ನು ಕೇಳಬೇಕಾಗಿಯೂ ಇಲ್ಲ. ಹೊಸ ಮ್ಯಾನೇಜರಿಗೆ ಮೊದಲ ವರ್ಷ ಹಣದ ಸಮಾಧಾನ ಸಲ್ಲುತ್ತದೆ. ಮೂರನೆಯ ವರ್ಷ, ಆರಿಸುವ ಅಧಿಕಾರವೂ ಕೈಯಲ್ಲಿದ್ದಾಗ, ಅದು ಬರಿಯ ನೆಪವಾಗುತ್ತದೆ.

ಇಷ್ಟಾದರೂ ಲೆಕ್ಕಕ್ಕೆ ಸಿಕ್ಕದ ಸಂಗತಿಗಳು ಉಳಿಯುತ್ತವೆ. ಲಿವರ್‌ಪೂಲಿನ ಎರಡು ವರ್ಷಗಳು ಇದಕ್ಕೆ ಸಾಕ್ಷಿ. 2024ರ ಬೇಸಗೆಯಲ್ಲಿ ಹೊಸದಾಗಿ ಬಂದ ಆರ್ನೆ ಸ್ಲಾಟ್‌ಗೆ ಹೊಸ ಆಟಗಾರರೆಂದು ದೊರೆತವರು ಇಲ್ಲವೆಂಬಷ್ಟು ಕಡಿಮೆ. ಆದರೂ 2025ರಲ್ಲಿ ತಂಡ ಲೀಗನ್ನು ಗೆದ್ದಿತು. ಆ ಬೇಸಗೆಯಲ್ಲಿ ಕ್ಲಬ್ಬು 40 ಕೋಟಿ ಪೌಂಡಿಗೂ ಹೆಚ್ಚು ವೆಚ್ಚಮಾಡಿತು. ಶರತ್ಕಾಲ ಬರುವಷ್ಟರಲ್ಲಿ ಅದೇ ಮ್ಯಾನೇಜರನ ಅದೇ ತಂಡ 12 ಪಂದ್ಯಗಳಲ್ಲಿ 9ನ್ನು ಸೋತಿತು. ಹಣವೇ ಎಲ್ಲವೆನ್ನುವವರೂ, ಮ್ಯಾನೇಜರೇ ಎಲ್ಲವೆನ್ನುವವರೂ ಇಲ್ಲಿ ಒಟ್ಟಿಗೆ ಮೌನವಾಗಬೇಕಾಗುತ್ತದೆ. ಆ ಜುಲೈ ತಿಂಗಳಿನಲ್ಲಿ ತಂಡದ ಡಿಯೊಗೊ ಜೋಟಾ ತನ್ನ ತಮ್ಮನೊಡನೆ ಸ್ಪೇನಿನಲ್ಲಿ ಕಾರಪಘಾತದಲ್ಲಿ ತೀರಿಕೊಂಡಿದ್ದ. ಒಟ್ಟಿಗೆ ಉಂಡು ಒಟ್ಟಿಗೆ ಓಡಿದ ಸಂಗಾತಿಯನ್ನು ಮಣ್ಣಿಗಿಟ್ಟು ಬಂದವರು ಮರುತಿಂಗಳೇ ಮೈದಾನಕ್ಕೆ ಇಳಿದಿದ್ದರು. ಸೋಲಿಗೆ ಅದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಖರ್ಚಿನ ಪಟ್ಟಿ ಹಿಡಿದು ತೀರ್ಪು ಬರೆದವರಲ್ಲಿ ಎಷ್ಟು ಜನ ಆ ದುಃಖಕ್ಕೊಂದು ಸಾಲು ಬಿಟ್ಟಿದ್ದರು?

ಕೊನೆಯದಾಗಿ, ಈ ಲೆಕ್ಕದ ಹುಚ್ಚು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ನೋಡಬೇಕು. ಆಟಗಾರನ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯುವುದು ಕ್ಲಬ್ಬುಗಳ ಲೆಕ್ಕದ ಕ್ರಮ. 10 ಕೋಟಿಗೆ ಐದು ವರ್ಷದ ಕರಾರಾದರೆ ವರ್ಷಕ್ಕೆ 2 ಕೋಟಿಯೇ ಖರ್ಚು. ಮಾರಿದ ಹಣವಾದರೋ ಲಾಭವಾಗಿ ಕೂಡಲೇ ಪುಸ್ತಕಕ್ಕೆ ಬರುತ್ತದೆ. ಕ್ಲಬ್ಬಿನಲ್ಲೇ ಬಾಲ್ಯದಿಂದ ಬೆಳೆದ ಹುಡುಗನಿಗೆ ಕೊಂಡ ಬೆಲೆಯೇ ಇಲ್ಲ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ನಷ್ಟಕ್ಕೆ ಮಿತಿ ಹಾಕುವ ನಿಯಮಗಳು ಬಿಗಿಯಾದಂತೆ, ಅಂಥ ಹುಡುಗರೇ ಮೊದಲು ಮಾರಾಟಕ್ಕೆ ಬಂದರು. ಮೇಸನ್ ಮೌಂಟ್ 2023ರಲ್ಲಿ, ಕಾನರ್ ಗ್ಯಾಲಗರ್ 2024ರಲ್ಲಿ ಚೆಲ್ಸಿಯಿಂದ ಹೊರನಡೆದರು. ಕೊಟ್ಟಿಗೆಯಲ್ಲಿ ಹುಟ್ಟಿದ ಕರುವನ್ನು ಮಾರಿ ಸಂತೆಯಿಂದ ಎತ್ತು ತಂದಂತಾಯಿತು. ಊರಿನ ಹುಡುಗನೊಬ್ಬ ತಮ್ಮ ಬಣ್ಣದ ಅಂಗಿ ತೊಟ್ಟು ಓಡುವುದನ್ನು ನೋಡಲೆಂದು ತಲೆಮಾರುಗಳಿಂದ ಗ್ಯಾಲರಿಯಲ್ಲಿ ನಿಂತವರಿಗೆ ಇದರ ನೋವು ಗೊತ್ತು.

ಹಣ ಸೋಲಿಗೆ ವಿವರಣೆಯಾಗಬಹುದು, ಕ್ಷಮೆಯಾಗಲಾರದು. ಅದು ಗೆಲುವಿಗೂ ವಿವರಣೆಯಾಗಬಹುದು, ಹಾಗೆಂದು ಗೆದ್ದವನನ್ನು ಸಣ್ಣವನನ್ನಾಗಿಸಲಾರದು. ಹಾಸಿಗೆ ಎಷ್ಟುದ್ದವೆಂಬುದನ್ನು ಮೊದಲು ಅಳೆದು, ಆಮೇಲೆ ಕಾಲು ಚಾಚಿದವನ ಕುಶಲತೆಯನ್ನು ವಿಚಾರಿಸುವುದು ನ್ಯಾಯದ ದಾರಿ. ಮ್ಯಾನೇಜರನ್ನು ಓಡಿಸಬೇಕೆಂದು ಒಡೆಯರು ನಿಶ್ಚಯಿಸುವ ದಿನ ಆ ಸಭೆಯಲ್ಲಿ ಇನ್ನೊಂದು ಕುರ್ಚಿಯನ್ನೂ ಹಾಕಬೇಕು. ಆಟಗಾರರನ್ನು ಆರಿಸಿ ಹಣ ತೆತ್ತವನು ಅದರಲ್ಲಿ ಕುಳಿತು, ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು. ಅಲ್ಲಿಯವರೆಗೆ ಮ್ಯಾನೇಜರುಗಳು ಬದಲಾಗುತ್ತಲೇ ಇರುತ್ತಾರೆ, ಡೊಂಕು ಮಾತ್ರ ಇದ್ದಲ್ಲಿಯೇ ಇರುತ್ತದೆ.