ಕರಡಿ, ಪಿಸ್ತೂಲು ಮತ್ತು ರಾತ್ರಿ ಕರೆಂಟು

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಹೆಸರನ್ನು ಹೊರನಾಡಿನ ಓದುಗರಿಗೆ ಮುಟ್ಟಿಸಿದ್ದು ಅಲ್ಲಿನ ಅಯ್ಯನಕೆರೆಯಲ್ಲ, ಒಂದು ಕರಡಿ. ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ ಬರೆದಂತೆ, ಅರಸೀಕೆರೆ ಕಡೆಯ ಗುಡ್ಡಗಳಲ್ಲಿ ಜನರ ಮುಖ ಸೀಳುತ್ತಿದ್ದ ಅದು ಆಮೇಲೆ ಈ ಸೀಮೆಗೆ ಸರಿಯಿತು. ಹನ್ನೆರಡು ಮಂದಿಯಾದರೂ ಸತ್ತರು. ಅದನ್ನೇ ಹುಡುಕಿಕೊಂಡು ರೈಫಲ್ಲು ಹಿಡಿದು ಬಂದ ಆ ಪಳಗಿದ ಬೇಟೆಗಾರನಿಗೂ ಅದು ಒಂದೇ ಸಲಕ್ಕೆ ಸಿಗಲಿಲ್ಲ.

ಈಗಲೂ ಕಡೂರು, ತರೀಕೆರೆ ಕಡೆಯಿಂದ ಕರಡಿ ದಾಳಿಯ ಸುದ್ದಿ ಬಂದಾಗ ‘ನಮಗೂ ರಿವಾಲ್ವರ್ ಲೈಸೆನ್ಸ್ ಕೊಡಿ’ ಎಂಬ ಮಾತು ಏಳುತ್ತದೆ. ಅಮೆರಿಕದ ಅಲಾಸ್ಕದಲ್ಲಿ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ಕಾಡಿಗೆ ಹೋಗುತ್ತಾರಲ್ಲ ಎನ್ನುವವರೂ ಇದ್ದಾರೆ. ಅಲ್ಲಿನ 269 ಪ್ರಕರಣಗಳನ್ನು ಜಾಲಾಡಿದ ಅಧ್ಯಯನವೊಂದು 2012ರಲ್ಲಿ ಬಂತು. ಪಿಸ್ತೂಲು ಬಳಸಿದ ಪ್ರಕರಣಗಳಲ್ಲಿ ಶೇ 84ರಷ್ಟರಲ್ಲಿ ಕರಡಿ ಹಿಮ್ಮೆಟ್ಟಿತು ಎಂಬ ಅಂಕಿ ಅದರಲ್ಲಿದೆ. ಪಿಸ್ತೂಲುಪ್ರಿಯರು ಎತ್ತಿ ಹೇಳುವುದು ಅದನ್ನೇ. ಬಂದೂಕು ಕೈಯಲ್ಲಿದ್ದು ಬಳಸಿದವರಿಗೂ ಬಳಸದವರಿಗೂ ಆದ ಗಾಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದೂ ಅದೇ ಅಧ್ಯಯನದ ಮಾತು. ಅದನ್ನು ಯಾರೂ ಎತ್ತುವುದಿಲ್ಲ.

ನಮ್ಮ ಕರಡಿಯ ರೀತಿಯೇ ಬೇರೆ. ಮೂಗು ಚುರುಕು, ಕಣ್ಣು ಮಂದ. ಲಂಟಾನದ ಮರೆಯಲ್ಲಿ ಹುತ್ತ ಕೆದಕಿ ಗೆದ್ದಲನ್ನು ಸೊರಸೊರನೆ ಹೀರುವಾಗ ಅದರ ಸದ್ದೇ ಅದಕ್ಕೆ ಅಡ್ಡ. ನಮ್ಮ ಹೆಜ್ಜೆ ಕೇಳಿಸದು. ಕೇಳಿಸುವ ಹೊತ್ತಿಗೆ ನಡುವೆ ಉಳಿದಿರುವುದು ನಾಲ್ಕು ಮಾರು. ಬೆನ್ನ ಮೇಲೆ ಮರಿ ಇದ್ದರಂತೂ ತಾಯಿ ಓಡುವ ಯೋಚನೆ ಮಾಡುವುದಿಲ್ಲ, ನೇರ ಮೈಮೇಲೆ ಬೀಳುತ್ತದೆ. ಉಗುರು ಹೋಗುವುದು ತಲೆಗೆ, ಮುಖಕ್ಕೆ. ಎಲ್ಲ ಮುಗಿಯಲು ಕೆಲವೇ ಕ್ಷಣ ಸಾಕು. ಅಷ್ಟರಲ್ಲಿ ಒರೆಯ ಗುಂಡಿ ಬಿಚ್ಚಿ, ಪಿಸ್ತೂಲು ತೆಗೆದು, ಗುರಿ ಹಿಡಿಯಬೇಕು. .38, 9 ಎಂ.ಎಂ. ನಿಷೇಧಿತ ಬೋರುಗಳಾದ್ದರಿಂದ ನಾಗರಿಕರಿಗೆ ಸಾಮಾನ್ಯವಾಗಿ ದಕ್ಕುವುದು .32. ಅದರ ಗುಂಡು ಮೈಮೇಲೆ ಬಿದ್ದ ಕರಡಿಯನ್ನು ಕೆರಳಿಸೀತೇ ಹೊರತು ಅಲ್ಲೇ ಕೆಡವುತ್ತದೆಂಬ ಭರವಸೆ ನನಗಿಲ್ಲ.

ಕಾನೂನು ಕೈ ಕಟ್ಟಿದೆ ಎಂಬ ದೂರೂ ಪೂರ್ತಿ ನಿಜವಲ್ಲ. ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಆದರೂ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ ಎಂದು 11ನೇ ಕಲಮೇ ಹೇಳುತ್ತದೆ. ಆ ಹೊತ್ತಿಗೆ ನೀವು ಇದೇ ಕಾಯ್ದೆಯನ್ನು ಮೀರುತ್ತಿರಬಾರದು, ಅಷ್ಟೇ. ಆದರೆ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವುದೇ ಅಪರಾಧ. ಇನ್ನು ಚುನಾವಣೆ ಬಂದರೆ ಲೈಸೆನ್ಸ್ ಇರುವ ಕೋವಿಯೂ ಸಾಮಾನ್ಯವಾಗಿ ಠಾಣೆಯಲ್ಲಿ ಠೇವಣಿ. ಕರಡಿಗೆ ನೀತಿ ಸಂಹಿತೆ ಗೊತ್ತಿಲ್ಲವಲ್ಲ!

ಇಷ್ಟಕ್ಕೂ ಕರಡಿಗೆ ಎದುರಾಗುವವರು ಯಾರು? ತಲೆ ಮೇಲೆ ಸೌದೆ ಹೊರೆ ಹೊತ್ತ ಹೆಂಗಸು, ದನ ಕಾಯುವ ಹುಡುಗ, ಬೆಳಗಿನ ಜಾವ ಬಯಲಿಗೆ ಹೋದ ಮುದುಕ. ಲಕ್ಷದ ಲೆಕ್ಕದ ರಿವಾಲ್ವರ್ ಇವರ ಕೈಗೆಟುಕುವಂಥದ್ದಲ್ಲ. ಈ ಬಯಲುಸೀಮೆಯಂಚಿನಲ್ಲಿ ಇನ್ನೊಬ್ಬನಿದ್ದಾನೆ: ಬೋರ್‌ವೆಲ್ ನಂಬಿ ಅಡಿಕೆ, ತೆಂಗು ಬೆಳೆಸಿದ ರೈತ. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ಅವನು ನಡುರಾತ್ರಿಯೇ ತೋಟಕ್ಕೆ ಹೋಗಬೇಕು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗೇಟ್‌ವಾಲ್ವ್ ತಿರುಗಿಸುವ ಸ್ಪ್ಯಾನರು. ಪಿಸ್ತೂಲು ಹಿಡಿಯಲು ಅವನಿಗೆ ಮೂರನೇ ಕೈ ಬೇಕು. ಕರಡಿ ಮೇಯುವ ಹೊತ್ತೂ ಅದೇ. ಹಾಗಾಗಿ ಹಗಲು ಹೊತ್ತು ತ್ರೀಫೇಸ್ ಕೊಡಿ ಎಂಬ ರೈತರ ಹಳೆಯ ಬೇಡಿಕೆಯನ್ನು ವಿದ್ಯುತ್ತಿನ ವಿಷಯವೆಂದಷ್ಟೇ ನೋಡುವುದು ತಪ್ಪು. ಕರಡಿಯಿಂದ ಆತ್ಮರಕ್ಷಣೆ ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಅದನ್ನೇ.

ಎಲ್ಲ ಊರಿಗೂ ಒಟ್ಟಿಗೆ ಹಗಲು ಕರೆಂಟು ಕೊಡಲಾಗದು ಎಂದು ವಿದ್ಯುತ್ ಕಂಪನಿ ಮೆಸ್ಕಾಂ ಹೇಳಬಹುದು. ಒಪ್ಪೋಣ. ಗುಡ್ಡದಂಚಿನ ಫೀಡರುಗಳಿಂದ ಶುರು ಮಾಡಲಿ. ಯಾವ ಹಳ್ಳಿಯಲ್ಲಿ ಕರಡಿ ಯಾರನ್ನು ಯಾವ ಹೊತ್ತಿನಲ್ಲಿ ಪರಚಿತು ಎಂಬುದು ಪರಿಹಾರದ ಅರ್ಜಿಗಳಲ್ಲಿ ದಾಖಲಾಗಿ ವಲಯ ಅರಣ್ಯಾಧಿಕಾರಿ ಕಚೇರಿಯ ಕಡತದಲ್ಲಿರುತ್ತದೆ. ಕರೆಂಟಿನ ಪಾಳಿ ನಿಗದಿ ಮಾಡುವ ಎಂಜಿನಿಯರು ಆ ಕಡತವನ್ನೊಮ್ಮೆ ತರಿಸಿಕೊಂಡು ನೋಡಲಿ.