ಮಾಡಿಫೈಡ್ ಕಾರು ಅಗ್ಗ ಅಂತ ಯಾರ್ರೀ ಹೇಳಿದ್ದು?

"ಹಿಂದಿನ ಓನರ್ ಮೂರು ಲಕ್ಷ ಹಾಕ್ಯಾನ ಮಾಮಾ. ಅದೆಲ್ಲಾ ನಮಗ ಪುಕ್ಕಟೆ ಬರತೈತಿ."

ಈ ಒಂದು ವಾಕ್ಯದ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಈ ಸಲ ಅದನ್ನು ಹೇಳಿದವನು ತುರ್ವಿಹಾಳದಲ್ಲಿರುವ ನನ್ನ ಅಕ್ಕನ ಮಗ. ಅವನ ಮೊಬೈಲಿನಲ್ಲಿದ್ದದ್ದು ಬೆಂಗಳೂರಿನ ಒಂದು ಪೋಲೋ ಜಿಟಿ ಟಿಎಸ್‌ಐ. ರೀಮ್ಯಾಪ್ ಆಗಿದೆ, ಡೌನ್‌ಪೈಪ್ ಬದಲಾಗಿದೆ, ಸ್ಪ್ರಿಂಗ್ ಇಳಿಸಿದ್ದಾರೆ, ದೊಡ್ಡ ಅಲಾಯ್ ಇದೆ, ಹಿಂದಗಡೆ ಬಕೆಟ್ ಬಾಯಿಯಂಥ ಸೈಲೆನ್ಸರ್ ಇದೆ. ರೇಟು ಮಾತ್ರ ಮುಟ್ಟದೇ ಬಿಟ್ಟ ಅದೇ ವರ್ಷದ ಕಾರಿಗಿಂತ ಸ್ವಲ್ಪ ಕಡಿಮೆ.

ಇಲ್ಲೇ ನನ್ನ ಮೊದಲ ಪ್ರಶ್ನೆ. ಮೂರು ಲಕ್ಷ ಹೆಚ್ಚಿಗೆ ಹಾಕಿದ ವಸ್ತು ಕಡಿಮೆ ರೇಟಿಗೆ ಯಾಕೆ ಬಂತು? ಕಾರಹುಣ್ಣಿಮೆಗೆ ಕರಿ ಹರಿದು ಗೆದ್ದ ಎತ್ತಿನ ರೇಟು ಏರುತ್ತದೆ, ಇಳಿಯುವುದಿಲ್ಲ. ಯಾಕೆಂದರೆ ಸಂತೆಯಲ್ಲಿ ಹಲ್ಲು ನೋಡಿ, ಗೊರಸು ನೋಡಿ, ನಾಲ್ಕು ಹೆಜ್ಜೆ ನಡೆಸಿ ಕೊಳ್ಳುವವರಿದ್ದಾರೆ. ಓಡಿಸಿ ಓಡಿಸಿ ಕಾಲು ಬಿದ್ದ ಎತ್ತನ್ನು ಯಾರೂ ಹಳೇ ಓಟದ ಲೆಕ್ಕ ಹೇಳಿಕೊಂಡು ಕೊಳ್ಳುವುದಿಲ್ಲ. ಕಾರಿನ ವಿಷಯ ಬಂದಾಗ ಮಾತ್ರ ನಮ್ಮ ಹುಡುಗರಿಗೆ ಸಂತೆಯ ಬುದ್ಧಿ ಎಲ್ಲಿ ಹೋಗುತ್ತದೋ ಗೊತ್ತಿಲ್ಲ...

ಮಾಡಿಫಿಕೇಶನ್ನಿಗೆ ಹಾಕಿದ ದುಡ್ಡು ಕಾರಿನ ಬೆಲೆಗೆ ಸೇರುವುದಿಲ್ಲ ಸ್ವಾಮಿ. ಅದು ಖರ್ಚಾಗಿ ಹೋದ ದುಡ್ಡು. ಇನ್ಶೂರೆನ್ಸಿನವರನ್ನೇ ನೋಡಿ. ಅವರು ಐಡಿವಿ ಕಟ್ಟುವುದು ಕಂಪನಿಯ ಪಟ್ಟಿ ಬೆಲೆಯಿಂದ ಸವಕಳಿ ಕಳೆದು. ನಾಲ್ಕು ವರ್ಷ ದಾಟಿ ಐದರೊಳಗಿನ ಕಾರಿಗೆ 50 ಪರ್ಸೆಂಟ್ ಹೋಗಿಬಿಡುತ್ತದೆ. ಅದಕ್ಕಿಂತ ಹಳೆಯದಾದರೆ ಮಾತುಕತೆಯ ಮೇಲೆ. ಹಾಕಿಸಿದ ಸಾಮಾನನ್ನು ಹೇಳಿ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಕಟ್ಟಿದವರನ್ನು ನಾನಂತೂ ನೋಡಿಲ್ಲ :)

ಸರಿ, ಪುಕ್ಕಟೆ ಬರುವುದು ಏನು ಅಂತ ನೋಡೋಣ.

1.2 ಲೀಟರಿನ ಪೋಲೋ ಜಿಟಿ ಟಿಎಸ್‌ಐ ನಮ್ಮ ದೇಶಕ್ಕೆ ಬಂದದ್ದು 2013ರಲ್ಲಿ. ಕಂಪನಿ ಕೊಟ್ಟ ಶಕ್ತಿ ಸುಮಾರು 104 ಬಿಎಚ್‌ಪಿ, ಟಾರ್ಕ್ 175 ನ್ಯೂಟನ್ ಮೀಟರ್. ಅದರ ಹಿಂದೆ ಕೂತಿರುವ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಗೇರ್‌ಬಾಕ್ಸ್ ರೂಪಿಸಿರುವುದು 250 ನ್ಯೂಟನ್ ಮೀಟರಿನವರೆಗೆ. ಈ ಎರಡರ ನಡುವಿನ ಜಾಗ ಇದೆಯಲ್ಲ, ಅದು ಕಂಪನಿಯವರು ದಡ್ಡತನದಿಂದ ಬಿಟ್ಟದ್ದಲ್ಲ. ಬಿಸಿಲಿಗೆ, ಕೆಟ್ಟ ಪೆಟ್ರೋಲಿಗೆ, ಟ್ರಾಫಿಕ್ಕಿಗೆ, ಹತ್ತು ವರ್ಷದ ಸವೆತಕ್ಕೆ ಅಂತ ಉಳಿಸಿದ ಜಾಗ. ರೀಮ್ಯಾಪ್ ಅಂದರೆ ಇಸಿಯುಗೆ "ಟರ್ಬೋ ಇನ್ನಷ್ಟು ಒತ್ತಡ ಕೊಡಲಿ, ಇಂಧನ ಇನ್ನಷ್ಟು ಬೀಳಲಿ, ಕಿಡಿ ಇನ್ನಷ್ಟು ಮುಂಚೆ ಹಾರಲಿ" ಅಂತ ಹೊಸ ಲೆಕ್ಕ ಬರೆಯುವುದು. ಟಾರ್ಕ್ ಏರುತ್ತದೆ, ನಿಜ. ಆದರೆ ಏರಿದ ಟಾರ್ಕ್ ಆ ಉಳಿಸಿದ ಜಾಗವನ್ನೇ ತಿನ್ನುತ್ತದೆ. ಮೊದಲ ಓನರ್ ಅದನ್ನು ಮೂರು ವರ್ಷ ತಿಂದು, ಕ್ಲಚ್ ಪ್ಲೇಟು ತೆಳ್ಳಗಾಗುವ ಹೊತ್ತಿಗೆ "ಅರ್ಜೆಂಟ್ ಸೇಲ್" ಹಾಕುತ್ತಾನೆ. ಮಜಾ ಅವನದು, ಬಿಲ್ಲು ನಿಮ್ಮದು.

ಇನ್ನು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಪ್ರೇಮಿಗಳು. 2004ರಲ್ಲಿ ಬಂದ ಆ 1.8 ಟರ್ಬೋ ನನಗೂ ಇಷ್ಟ. 150 ಬಿಎಚ್‌ಪಿ, ಆ ಕಾಲಕ್ಕೆ ನಮ್ಮ ರಸ್ತೆಯ ಹುಲಿ. ಅದೇ ಇಂಜಿನ್ ಹೊರದೇಶದಲ್ಲಿ 180 ಕೊಡುತ್ತಿತ್ತು, ಹಾಗಾಗಿ ಏರಿಸುವುದು ಸುಲಭ ಅನ್ನುತ್ತಾರೆ. ಏರಿಸಬಹುದು. ಆದರೆ ಇವತ್ತು ಆ ಕಾರಿಗೆ ಇಪ್ಪತ್ತು ವರ್ಷ ಆಗಿದೆ. ಹದಿನೈದು ವರ್ಷಕ್ಕೇ ರಿಜಿಸ್ಟ್ರೇಶನ್ ನವೀಕರಣ ಆಗಬೇಕು, ಅದಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ ಮತ್ತೆ ಅದೇ ಹಾಡು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದರು. ಶುಲ್ಕ ಕಟ್ಟಬಹುದು ಬಿಡಿ. ಆ ಸೈಲೆನ್ಸರ್ ಇಟ್ಟುಕೊಂಡು ತಪಾಸಣೆಗೆ ನಿಲ್ಲುವವರು ಯಾರು?

ಇಷ್ಟು ಬೆಂಗಳೂರಿನ ಮಾತಾಯ್ತು. ಈಗ ಕಾರು ತುರ್ವಿಹಾಳಕ್ಕೆ ಬಂತು ಅಂತ ಇಟ್ಟುಕೊಳ್ಳಿ.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎರಡು ವರ್ಷದಲ್ಲಿ ಅಲೆ ಅಲೆಯಾಗುತ್ತದೆ. ಗದ್ದೆಯಿಂದ ಕೇಜ್ ವೀಲ್ ಬಿಚ್ಚದೆ ಹಾಗೇ ರಸ್ತೆಗೆ ಬರುವ ಟ್ರ್ಯಾಕ್ಟರುಗಳ ಕಥೆ ನಿಮಗೆ ಗೊತ್ತೇ ಇದೆ. ಸುಗ್ಗಿಯಲ್ಲಿ ಅರ್ಧ ರಸ್ತೆ ಭತ್ತ ಒಣಗಿಸಲಿಕ್ಕೆ, ಉಳಿದರ್ಧದಲ್ಲಿ ಕಟಾವು ಯಂತ್ರ. ಪ್ರತಿ ಊರ ಮುಂದೆ ಊರವರೇ ಹಾಕಿಕೊಂಡ, ಯಾವ ಅಳತೆಗೂ ಸೇರದ ಹಂಪು. ಇಂಥ ಕಡೆ ಎರಡಿಂಚು ಇಳಿಸಿದ ಕಾರು ತರುತ್ತೀರಿ. ಒಂದು ಹಂಪಿಗೆ ಕೆಳಗಿನ ಆಯಿಲ್ ಚೇಂಬರ್ ಬಡಿಯಿತು ಅನ್ನಿ. ಸಣ್ಣ ಬಿರುಕು, ಹನಿ ಹನಿ ಆಯಿಲ್. ಹಾಡಿನ ಸದ್ದಿನಲ್ಲಿ ಕೆಂಪು ದೀಪ ಕಾಣಿಸುವುದಿಲ್ಲ. ಟರ್ಬೋ ತಿರುಗುವುದು ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ, ಅದರ ಬೇರಿಂಗಿಗೆ ಆಯಿಲೇ ಪ್ರಾಣ. ತಾವರಗೇರಾ ಮುಟ್ಟುವುದರೊಳಗೆ ಮುಗಿದಿರುತ್ತದೆ.

ಬಿಸಿಲನ್ನಂತೂ ಕೇಳಲೇಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆ 42 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಬಿಸಿ ಗಾಳಿ ಒಳಗೆ ಹೋದರೆ ಇಂಜಿನ್ ನಾಕ್ ಆಗುತ್ತದೆ, ಸೆನ್ಸರ್ ಅದನ್ನು ಹಿಡಿದು ಕಿಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಶಕ್ತಿ ತಾನೇ ಇಳಿಯುತ್ತದೆ. ಅಂದರೆ ಯಾವ ಶಕ್ತಿಯ ಆಸೆಗೆ ಕೊಂಡಿರೋ ಅದು ವರ್ಷದ ಮೂರ್ನಾಲ್ಕು ತಿಂಗಳು ನಿಮಗೆ ಪೂರ್ತಿ ಸಿಗುವುದೇ ಇಲ್ಲ. ಇದರ ಮೇಲೆ ಪೆಟ್ರೋಲ್. ಏಳೆಂಟು ವರ್ಷದ ಹಿಂದೆ ಯಾರೋ ಕೂತು ಬರೆದ ಮ್ಯಾಪ್ ಆಗಿನ ಪೆಟ್ರೋಲಿಗೆ ಬರೆದದ್ದು. ಈಗ ಬಂಕಿನಲ್ಲಿ ಬರುತ್ತಿರುವುದು 20 ಪರ್ಸೆಂಟ್ ಎಥನಾಲ್ ಬೆರೆತದ್ದು. ಎಥನಾಲಿನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಅದೇ ಕೆಲಸಕ್ಕೆ ಹೆಚ್ಚು ಇಂಧನ ಬೀಳಬೇಕು. ಹಳೇ ರಬ್ಬರ್ ಪೈಪುಗಳಿಗೂ ಅದು ಆಗಿಬರುವುದಿಲ್ಲ. ಆ ಮ್ಯಾಪ್ ಬರೆದವನು ಈಗ ಎಲ್ಲಿದ್ದಾನೆ? ಅಂಗಡಿ ಮುಚ್ಚಿದ್ದಾನೋ, ನಂಬರ್ ಬದಲಾಗಿದೆಯೋ?

ರಿಪೇರಿಗೆ ಯಾರ ಹತ್ತಿರ ಹೋಗುತ್ತೀರಿ? ಸಿಂಧನೂರಿನ ನಮ್ಮ ಮೇಸ್ತ್ರಿಗಳು ಟ್ರ್ಯಾಕ್ಟರನ್ನೂ ಬೊಲೆರೋವನ್ನೂ ಕಣ್ಣು ಮುಚ್ಚಿಕೊಂಡು ಬಿಚ್ಚಿ ಕಟ್ಟುತ್ತಾರೆ, ಅವರ ಕೈಗೆ ನಾನು ನಮಸ್ಕಾರ ಮಾಡುತ್ತೇನೆ. ಆದರೆ ಯಾವ ವೈರು ಎಲ್ಲಿಗೆ ಹೋಗಿದೆ ಅಂತ ಕಂಪನಿ ಪುಸ್ತಕದಲ್ಲೂ ಇಲ್ಲದ ಕಾರನ್ನು ಅವರಿಗೆ ಕೊಟ್ಟು, ಸರಿಯಾಗಲಿಲ್ಲ ಅಂತ ಅವರನ್ನೇ ಬೈಯುವುದು ನ್ಯಾಯವಲ್ಲ. ಕೊನೆಗೆ ಟೋಯಿಂಗ್ ಗಾಡಿ ಹತ್ತಿಸಿ ಬೆಂಗಳೂರಿಗೆ. ಹತ್ತಿರ ಹತ್ತಿರ ನಾನೂರು ಕಿಲೋಮೀಟರ್.

ಈಗ ಕಾನೂನಿಗೆ ಬರೋಣ. "ಅದೇನು ದೊಡ್ಡದಲ್ಲ ಅಣ್ಣಾ, ಐನೂರು ಕೊಟ್ಟರ ಬಿಡ್ತಾರ" ಅನ್ನುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಕಂಪನಿ ಮೂಲದಲ್ಲಿ ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಒತ್ತಿ ಹೇಳಿತು. ಸಿಎನ್‌ಜಿ ಕಿಟ್ಟು, ಅಂಗವಿಕಲರಿಗಾಗಿ ಮಾಡುವ ಬದಲಾವಣೆ ಇಂಥವಕ್ಕೆ ದಾರಿ ಇದೆ. ಇಂಜಿನ್ ಬದಲಾದರೆ ಅದು ಆರ್‌ಸಿಯಲ್ಲಿ ದಾಖಲಾಗಬೇಕು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಒಂದೊಂದಕ್ಕೆ! ಮೇಲೆ ಹೇಳಿದ ಪೋಲೋದಲ್ಲಿ ಎಷ್ಟಿವೆ ಅಂತ ನೀವೇ ಎಣಿಸಿ. "ಬದಲಾಯಿಸಿದವನು ನಾನಲ್ಲ, ಹಿಂದಿನವನು" ಅಂತ ವಾದ ಮಾಡಬಹುದು. ಗಾಂಧಿ ಸರ್ಕಲ್ಲಿನಲ್ಲಿ ಪೊಲೀಸರ ಮುಂದೆ ನಿಂತು ಆ ವಾದ ಮಾಡುವುದು ನೀವೇ, ಹಿಂದಿನವನು ಬರುವುದಿಲ್ಲ.

ಅದಕ್ಕಿಂತ ಭಯದ್ದು ಇನ್ಶೂರೆನ್ಸ್. ನಮ್ಮವರಿಗೆ ಪಾಲಿಸಿ ಅಂದರೆ ಪೊಲೀಸರಿಗೆ ತೋರಿಸುವ ಕಾಗದ. ಅಪಘಾತವಾಗಿ ಕಾರು ಜಜ್ಜಿಹೋದರೆ ಸರ್ವೇಯರ್ ಬಂದು ನೋಡುತ್ತಾನೆ. ಹೇಳದೇ ಮಾಡಿದ ಬದಲಾವಣೆ ಕಂಡರೆ ನಿಮ್ಮ ಸ್ವಂತ ಕಾರಿನ ಕ್ಲೇಮು ತಳ್ಳಿಹಾಕಲು ಅವರಿಗೆ ಕಾರಣ ಸಿಕ್ಕಿತು. ಎದುರಿನವರಿಗೆ ಕೊಡುವ ಥರ್ಡ್ ಪಾರ್ಟಿ ಪರಿಹಾರದಿಂದ ಕಂಪನಿ ಅಷ್ಟು ಸುಲಭವಾಗಿ ನುಣುಚಿಕೊಳ್ಳಲಾಗದು, ಅದಕ್ಕೆ ಕಾನೂನು ಕೊಟ್ಟಿರುವ ನೆಪಗಳೇ ಕೆಲವು. ಅದೂ ಒಳ್ಳೆಯದೇ. ಆದರೆ ನಿಮ್ಮ ಭತ್ತದ ದುಡ್ಡು ಹೋದದ್ದು ಹೋಯಿತು.

ಇನ್ನು ಹೆಸರಿನ ಮಾತು. ಇಂಥ ಕಾರುಗಳು ಕೈಯಿಂದ ಕೈಗೆ ಜಾರುತ್ತವೆ. ಆರ್‌ಸಿಯಲ್ಲಿ ಮೊದಲನೆಯವನ ಹೆಸರು, ಮಾರುತ್ತಿರುವವನು ನಾಲ್ಕನೆಯವನು, ಜೊತೆಗೆ ಖಾಲಿ ಸಹಿ ಮಾಡಿದ 29 ಮತ್ತು 30ನೇ ನಮೂನೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣ ಹೀಗೇ. ಕಾರು 2007ರಲ್ಲಿ ಮಾರಾಟವಾಗಿ ಹಲವು ಕೈ ದಾಟಿತ್ತು, 2009ರಲ್ಲಿ ಅಪಘಾತವಾಯಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೊಣೆ ಹೊರಿಸಿದ್ದು ಆರ್‌ಸಿಯಲ್ಲಿ ಹೆಸರಿದ್ದವನ ಮೇಲೆ. ಇದನ್ನು ಓದಿ "ಹಂಗಾದರ ಹೆಸರು ಬದಲಿಸದಿದ್ದರ ನಮಗ ಲಾಭ ಅಲ್ಲೇನ್ರೀ" ಅಂತ ನನ್ನನ್ನೇ ಕೇಳಿದ ಪುಣ್ಯಾತ್ಮರಿದ್ದಾರೆ. ಲಾಭ ಹೇಗೆ? ಹೆಸರು ನಿಮ್ಮದಲ್ಲದಿದ್ದರೆ ಪಾಲಿಸಿಯೂ ನಿಮ್ಮದಲ್ಲ, ಕಾರು ಕಳುವಾದರೆ ಹೋಗಿ ಕೇಳುವ ಹಕ್ಕೂ ಗಟ್ಟಿಯಿಲ್ಲ. ಅಲ್ಲದೆ ಎಲ್ಲೋ ಇರುವ ಒಬ್ಬ ಅಪರಿಚಿತನ ತಲೆ ಮೇಲೆ ನಿಮ್ಮ ಅಪಘಾತ ಹೇರಿ ಓಡಾಡುವುದು ಯಾವ ಮರ್ಯಾದೆ?

"ಹಂಗಾದರೆ ಹಳ್ಳಿ ಹುಡುಗರು ಶೋಕಿ ಮಾಡಬಾರದಾ? ಬರೀ ಬೆಂಗಳೂರಿನವರೇ ಮಾಡಬೇಕಾ?" ಅಂತ ಕೆಲವರು ಕೇಳಿಯೇ ಕೇಳುತ್ತೀರಿ. ಮಾಡಿ, ಯಾರು ಬೇಡ ಅಂದರು? ವೇಗದ ಕಾರಿನ ಆಸೆಯನ್ನು ನಾನು ಕೀಳಾಗಿ ನೋಡುವವನಲ್ಲ. ಆದರೆ ಬೆಂಗಳೂರಿನವನಿಗೆ ತಿಂಗಳ ಸಂಬಳ ಇದೆ, ಕಾರು ನಿಂತರೆ ಮೆಟ್ರೋ ಹತ್ತುತ್ತಾನೆ. ನಮ್ಮ ಕಡೆ ದುಡ್ಡು ಬರುವುದು ಪೀಕು ಮಾರಿದಾಗ. ಎಡದಂಡೆ ಕಾಲುವೆಯಲ್ಲಿ ನೀರು ಹರಿದರೆ ಎರಡು ಬೆಳೆ, ಇಲ್ಲದಿದ್ದರೆ ಒಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ನಮ್ಮ ಕಡೆ ಎಷ್ಟು ಮನೆಯಲ್ಲಿ ನಿದ್ದೆ ಇರಲಿಲ್ಲ ನೆನಪಿದೆಯಾ? ಅಂಥ ದುಡ್ಡನ್ನು ಯಾರೋ ಶೋಕಿ ಮಾಡಿ ಬಿಸಾಕಿದ ಕ್ಲಚ್ ಪ್ಲೇಟಿಗೆ ಕೊಡುವುದು ಸಮಾನತೆಯಲ್ಲ ಮಾರಾಯ್ರೇ, ಅವರ ಹಳೇ ಬಾಕಿ ನಾವು ತೀರಿಸಿದ ಹಾಗೆ.

ಮುಟ್ಟದೇ ಬಿಟ್ಟ ಕಾರು ಸಿಕ್ಕರೆ ಅದನ್ನೇ ಕೊಳ್ಳಿ, ಸ್ವಲ್ಪ ಹೆಚ್ಚಾದರೂ ಸರಿ. ಅದು ಸಿಗಲೇ ಇಲ್ಲ, ಮನಸ್ಸು ತಡೆಯುವುದೂ ಇಲ್ಲ ಅಂದರೆ, ತೆಗೆದ ಒರಿಜಿನಲ್ ಸಾಮಾನು ಎಲ್ಲವನ್ನೂ ಕಾರಿನ ಜೊತೆ ಕೊಡುವವನ ಹತ್ತಿರ ಮಾತ್ರ ಮಾತಾಡಿ. ಸ್ಪ್ರಿಂಗ್, ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್, ಗಾಲಿ, ಎಲ್ಲಾ. ಅವನ್ನು ಮತ್ತೆ ಕೂಡಿಸುವ ಖರ್ಚನ್ನು ರೇಟಿನಿಂದ ಕಳೆಯಿರಿ, ಮೂರು ಲಕ್ಷ ಕೂಡಿಸಬೇಡಿ. ಇಂಜಿನ್ ತಣ್ಣಗಿರುವಾಗ ನೀವೇ ಮೊದಲ ಸಲ ಸ್ಟಾರ್ಟ್ ಮಾಡಿ. ಮಾರುವವನು ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಕಂಪ್ರೆಶನ್ ಟೆಸ್ಟ್ ಮಾಡಿಸಿ, ಸ್ಕ್ಯಾನರ್ ಹಾಕಿಸಿ. ಸ್ಕ್ಯಾನರಿನಲ್ಲಿ ಎಲ್ಲಾ ಎರರ್ ನಿನ್ನೆಯಷ್ಟೇ ಅಳಿಸಿದಂತಿದ್ದರೆ, ಅಂದರೆ ಸ್ವಯಂ ತಪಾಸಣೆಗಳು ಇನ್ನೂ ಪೂರ್ತಿಯಾಗಿಲ್ಲ ಅಂತ ತೋರಿಸಿದರೆ, ಅಲ್ಲೇ ಏನೋ ಮುಚ್ಚಿಟ್ಟಿದ್ದಾರೆ. ಚಾಸಿ ನಂಬರು, ಇಂಜಿನ್ ನಂಬರು ಆರ್‌ಸಿ ಜೊತೆ ತಾಳೆ ನೋಡಿ. ಸಾಲ ಬಾಕಿ ಇದೆಯಾ ನೋಡಿ. ದುಡ್ಡು ಕೊಡುವುದು ಆರ್‌ಸಿಯಲ್ಲಿ ಹೆಸರಿದ್ದವನ ಖಾತೆಗೆ ಮಾತ್ರ.

ಅಕ್ಕನ ಮಗ ಆ ಬೆಂಗಳೂರಿನವನಿಗೆ ಫೋನ್ ಮಾಡಿ ಒರಿಜಿನಲ್ ಸೈಲೆನ್ಸರ್ ಎಲ್ಲೈತ್ರೀ ಅಂತ ಕೇಳಿದ್ದಾನೆ. "ಗುಜರಿಗೆ ಹಾಕಿದೆ ಬ್ರೋ" ಅಂದನಂತೆ. ನೀವು ಯಾರಾದರೂ ಇಂಥ ಕಾರು ಕೊಂಡು ಐದು ವರ್ಷ ಖರ್ಚಿನ ಲೆಕ್ಕ ಬರೆದಿಟ್ಟಿದ್ದರೆ ಕಾಮೆಂಟಿನಲ್ಲಿ ಹಾಕಿ. ಪೆಟ್ರೋಲ್, ಟೋಯಿಂಗ್ ಬಿಲ್ಲು ಸಮೇತ :)